ಗಾಯ ಹೀಲ್ ಆಗುತ್ತೆ, ಕಾಯಿಲೆ ಕ್ಯೂರ್ ಆಗುತ್ತೆ, ದುಃಖ?

ಇವತ್ತಿನ ಮಾತನ್ನು ನಾನೇ ಮಾಡಿದ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಕೆಲವು ವರ್ಷಗಳ ಹಿಂದೆ, ನಮ್ಮ ಜೊತೆ ಲಂಡನ್ನಿನಿಂದ ಕೆಲಸ ಮಾಡುತ್ತಿದ್ದ ಒಬ್ಬರ ಪತಿ ತೀರಿಕೊಂಡರು. ಸುದ್ದಿ ಕೇಳಿ ಸಂಕಟ ಆಯ್ತು. ನಮ್ಮ ಕಡೆ ಹೇಳ್ತೀವಲ್ಲ, ‘ಧೈರ್ಯ ತಂದ್ಕೊಳ್ಳಿ, ಬೇಗ ಸುಧಾರಿಸ್ಕೊಳ್ಳಿ’ ಅಂತ? ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿನಲ್ಲಿ ಬರೆದೆ: ‘ಹೋಪ್ ಯು ಗೆಟ್ ಓವರ್ ಇಟ್ ಸೂನ್.’ ಉತ್ತರ ಬರಲಿಲ್ಲ. ತಿಂಗಳಾದ ಮೇಲೆ ಫೋನಿನಲ್ಲಿ ಅವರೇ ಮೆಲ್ಲಗೆ ಹೇಳಿದರು: ‘ಇದು ನೆಗಡಿ ಅಲ್ಲ.’

ನನ್ನ ಕಾಳಜಿ ನಿಜವಾಗಿತ್ತು. ಪದ ತಪ್ಪಾಗಿತ್ತು. ‘ಗೆಟ್ ಓವರ್’ ಅನ್ನೋದು ಫ್ಲೂ ಜ್ವರಕ್ಕೆ ಸರಿ. ಸಾವಿನ ಮನೆಗೆ ಬೇರೆಯವರು ಹೋಗಿ ಆ ಮಾತು ಹೇಳಿದರೆ, ‘ಸಾಕು, ಇನ್ನು ಬಿಟ್ಟಾಕು’ ಅಂದ ಹಾಗೆ ಕೇಳಿಸುತ್ತೆ. ‘ಮೂವ್ ಆನ್’ ಕೂಡ ಹಾಗೇ. ಅದನ್ನು ನೊಂದವರೇ ತಮ್ಮ ಬಗ್ಗೆ ಹೇಳಿಕೊಳ್ಳಬೇಕು. ನಾವು ಹೇಳಿದರೆ ಅಪ್ಪಣೆ ಆಗಿಬಿಡುತ್ತೆ.

ಮೊದಲು ದೇಹದ ವಿಷಯ ನೋಡೋಣ. ನಾವು ‘ವಾಸಿ ಆಯ್ತು’, ‘ಗುಣ ಆಯ್ತು’ ಅಂತ ಗಾಯಕ್ಕೂ ಹೇಳ್ತೀವಿ, ಕಾಯಿಲೆಗೂ ಹೇಳ್ತೀವಿ. ಇಂಗ್ಲಿಷಿನಲ್ಲಿ ಹಂಚಿಕೆ ಇದೆ. ಗಾಯ, ಮುರಿದ ಮೂಳೆ ‘ಹೀಲ್’ ಆಗುತ್ತೆ. ಕಾಯಿಲೆಯನ್ನು ವೈದ್ಯರು ‘ಕ್ಯೂರ್’ ಮಾಡ್ತಾರೆ. ಮನುಷ್ಯ ‘ರಿಕವರ್’ ಆಗ್ತಾನೆ. ಅದಕ್ಕೇ ‘ಮೈ ಲೆಗ್ ಈಸ್ ಕ್ಯೂರ್ಡ್’ ಅನ್ನೋ ಬದಲು ‘ಮೈ ಲೆಗ್ ಹ್ಯಾಸ್ ಹೀಲ್ಡ್’ ಅನ್ನಬೇಕು. ಡೆಂಗಿಯಿಂದ ಎದ್ದವರು ‘ಐ ಹ್ಯಾವ್ ರಿಕವರ್ಡ್ ಫ್ರಮ್ ಡೆಂಗಿ’ ಅನ್ನಬಹುದು. ಇನ್ನೂ ಸುಸ್ತಿದೆ, ಆದ್ರೆ ದಿನೇ ದಿನೇ ಪರವಾಗಿಲ್ಲ ಅನ್ನೋದಾದ್ರೆ ‘ಆನ್ ದ ಮೆಂಡ್’.

ಈ ಪದಗಳ ಬೇರು ನೋಡಿದರೆ ಅರ್ಥ ಇನ್ನೂ ಸ್ಪಷ್ಟ ಆಗುತ್ತೆ. ‘ಹೀಲ್’ ಹಳೆಯ ಇಂಗ್ಲಿಷಿನ ಪದ. ‘ಹೆಲ್ತ್’, ‘ಹೋಲ್’ ಅದರ ಬಳಗದವು. ಅಂದ್ರೆ ಮತ್ತೆ ಇಡಿಯಾಗುವುದು. ‘ಕ್ಯೂರ್’ ಬಂದಿದ್ದು ಲ್ಯಾಟಿನ್ನಿನ ‘ಕೂರಾ’ದಿಂದ, ಅಲ್ಲಿ ಅದಕ್ಕೆ ಆರೈಕೆ, ಕಾಳಜಿ ಎಂಬ ಅರ್ಥ. ‘ರಿಕವರ್’ ಅಂದ್ರೆ ಕಳೆದುಕೊಂಡದ್ದನ್ನು ಮರಳಿ ಪಡೆಯುವುದು. ಸಾಲ ಕೊಟ್ಟ ಬ್ಯಾಂಕಿನವರು ‘ರಿಕವರಿ’ ಅನ್ನೋದೂ ಇದೇ ಪದ.

ಈಗ ಮನಸ್ಸಿಗೆ ಬರೋಣ. ಗ್ರೀಕಿನಲ್ಲಿ ‘ಟ್ರಾಮಾ’ ಅಂದ್ರೆ ಗಾಯ, ಮೈಮೇಲಿನ ಗಾಯ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅದು ಮನಸ್ಸಿನ ಪೆಟ್ಟಿಗೂ ಬಳಕೆಗೆ ಬಂತು. 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಗೆ ‘ಪೋಸ್ಟ್ ಟ್ರಾಮಾಟಿಕ್ ಸ್ಟ್ರೆಸ್ ಡಿಸಾರ್ಡರ್’ ಸೇರಿತು. ಇವತ್ತು ಎರಡೂ ಅರ್ಥ ಜೀವಂತವಾಗಿವೆ. ಆಸ್ಪತ್ರೆಯ ‘ಟ್ರಾಮಾ ಕೇರ್’ ಬೋರ್ಡು ನೋಡಿದರೆ ಅದು ಅಪಘಾತದ ಗಾಯಾಳುಗಳಿಗೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಂತೂ ತಲೆಗೆ ಪೆಟ್ಟು ಬಿದ್ದವರಿಗೂ ಮನಸ್ಸಿಗೆ ಪೆಟ್ಟು ಬಿದ್ದವರಿಗೂ ಒಂದೇ ಸಂಸ್ಥೆಯಲ್ಲಿ ಚಿಕಿತ್ಸೆ ಇದೆ.

ಹಾಗಂತ ಬಸ್ಸು ತಪ್ಪಿದ್ದಕ್ಕೆಲ್ಲಾ ‘ಟ್ರಾಮಾ’ ಅನ್ನಬೇಡಿ. ನಿಜವಾಗಿ ನೊಂದವರ ಬಾಯಲ್ಲಿ ಆ ಪದ ಸವಕಲಾಗಿಬಿಡುತ್ತೆ. ಬೇಜಾರಾಯ್ತು ಅನ್ನೋಕೆ ‘ಅಪ್ಸೆಟ್’ ಸಾಕು, ಮಾತು ಚುಚ್ಚಿತು ಅನ್ನೋಕೆ ‘ಹರ್ಟ್’ ಸಾಕು. ‘ಹರ್ಟ್’ ನಮ್ಮ ‘ನೋವು’ ಇದ್ದ ಹಾಗೆ, ಮೈಗೂ ಸೈ, ಮನಸ್ಸಿಗೂ ಸೈ.

ಗಾಯ ಮಾಯ್ದ ಮೇಲೆ ಉಳಿಯೋದು ‘ಸ್ಕಾರ್’, ನಮ್ಮ ‘ಕಲೆ’. ಗಾಯ ಹೀಲ್ ಆಗಿದೆ ಅಂದ್ರೆ ಕಲೆ ಉಳಿದಿಲ್ಲ ಅಂತಲ್ಲ. ದುಃಖದ ಲೆಕ್ಕವೂ ಅದೇ. ಅದಕ್ಕೇ ‘ಗೆಟ್ ಓವರ್’ ಪಕ್ಕದಲ್ಲಿ ‘ಗೆಟ್ ಥ್ರೂ’ ಅನ್ನೋದನ್ನೂ ಕಲಿಯಬೇಕು. ಮೊದಲನೆಯದು ದಾಟಿ ಆಚೆ ಹೋಗುವುದು. ಎರಡನೆಯದು ಅದರ ಒಳಗಿಂದಲೇ, ಹೇಗೋ ದಿನ ನೂಕಿಕೊಂಡು ಬರುವುದು.

ಆವತ್ತು ಫೋನಿನಲ್ಲಿ ಅವರು ಬಳಸಿದ್ದೂ ಇದನ್ನೇ: ‘ಐ ಆಮ್ ಗೆಟಿಂಗ್ ಥ್ರೂ ಇಟ್.’ ನಾನು ಕ್ಷಮೆ ಕೇಳಿದೆ. ಈಗ ಅಂಥ ಪತ್ರ ಬರೆಯಬೇಕಾದಾಗ ಎರಡೇ ಸಾಲು ಬರೀತೀನಿ: ‘ಐ ಆಮ್ ಸೋ ಸಾರಿ ಫಾರ್ ಯುವರ್ ಲಾಸ್. ಟೇಕ್ ಆಲ್ ದ ಟೈಮ್ ಯು ನೀಡ್.’ ಅದರಲ್ಲಿ ‘ಬೇಗ’ ಅನ್ನೋ ಪದ ಇಲ್ಲ, ಗಮನಿಸಿ.