ಮಧುಮೇಹ ಮತ್ತು ಕೊಬ್ಬಿನ ಔಷಧಗಳೂ ಎಲುಬಿನ ಬಲವೂ



ಮಧುಮೇಹವುಳ್ಳ ವೃದ್ಧರ ಎಲುಬು ಸಾಂದ್ರತೆಯನ್ನಳೆಯುವ ಯಂತ್ರಕ್ಕೆ ಅನೇಕ ವೇಳೆ ಗಟ್ಟಿಯಾಗಿಯೇ ತೋರುವುದು. ಆದರೂ ಬೇಗನೆ ಮುರಿಯುವುದು. ಏರಿದ ಸಕ್ಕರೆಯು ಎಲುಬಿನೊಳಗಣ ನಾರಿಗಂಟಿ ಅದನ್ನು ಪೆಡಸಾಗಿಸುವುದು ಇದಕ್ಕೊಂದು ಕಾರಣ. ಇಂತಹ ಎಲುಬಿನ ಮೇಲೆ ಔಷಧದ ಭಾರವೂ ಬಿದ್ದರೆ ಗತಿಯೇನು?

ಎಲ್ಲ ಔಷಧಗಳೂ ಒಂದೇ ಬಗೆಯವಲ್ಲ. ಮೆಟ್‌ಫಾರ್ಮಿನ್ನಿನ ಮೇಲೆ ಈ ದೂರಿಲ್ಲ. ಪಯೋಗ್ಲಿಟಜೋನ್ ಸಕ್ಕರೆಯನ್ನಿಳಿಸುವುದರಲ್ಲಿ ಸಮರ್ಥವೇ ಸರಿ. ಆದರೆ ಮಜ್ಜೆಯಲ್ಲಿ ಎಲುಬನ್ನು ಕಟ್ಟಬೇಕಾದ ಮೂಲಕಣಗಳನ್ನು ಕೊಬ್ಬಿನ ಕಣಗಳಾಗುವಂತೆ ತಿರುಗಿಸುವುದು. ಅದರ ಸಜಾತಿಯಾದ ರೋಸಿಗ್ಲಿಟಜೋನನ್ನು ಸೇವಿಸಿದ ಸ್ತ್ರೀಯರಲ್ಲಿ ಕೈಕಾಲುಗಳ ಎಲುಬು ಮುರಿತವು ಹೆಚ್ಚಾದುದು 2006ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಿಂದ ಬಯಲಾಯಿತು. ಭಾರತದಲ್ಲಿ 2010ರಲ್ಲಿ ಅದು ನಿಷಿದ್ಧವಾಯಿತು. ಆ ನಿಷೇಧಕ್ಕೆ ಹೃದಯದ ಭಯವೇ ಕಾರಣವಾಗಿತ್ತೇ ಹೊರತು ಎಲುಬಲ್ಲ. ಆದುದರಿಂದ ಋತು ನಿಂತ ತಾಯಂದಿರೂ, ಹಿಂದೊಮ್ಮೆ ಎಲುಬು ಮುರಿದವರೂ ತಮ್ಮ ಗುಳಿಗೆಯ ಹೆಸರನ್ನು ವೈದ್ಯರಿಗೆ ತೋರಿಸಿ ವಿಚಾರಿಸತಕ್ಕದ್ದು. ತಾವಾಗಿಯೇ ನಿಲ್ಲಿಸುವುದು ಸರ್ವಥಾ ಸಲ್ಲದು.

ಕೊಲೆಸ್ಟರಾಲನ್ನು ತಗ್ಗಿಸುವ ಸ್ಟಾಟಿನ್ ಇಲಿಗಳಲ್ಲಿ ಎಲುಬನ್ನು ಬೆಳೆಸಿತೆಂದು 1999ರಲ್ಲಿ ತಿಳಿದಾಗ ವೈದ್ಯಲೋಕವು ಹಿಗ್ಗಿತು. ಮಾನವರಲ್ಲಿ ನಡೆದ ದೊಡ್ಡ ಪರೀಕ್ಷೆಗಳಲ್ಲಿ ಮುರಿತವೇನೂ ತಗ್ಗಲಿಲ್ಲ. ಅದನ್ನು ಸೇವಿಸುವುದು ಹೃದಯ ಮತ್ತು ರಕ್ತನಾಳಗಳ ಹಿತಕ್ಕಾಗಿ.

ಇನ್ಸುಲಿನ್ನಾದರೋ ಎಲುಬಿಗೆ ಹಗೆಯಲ್ಲ. ಆದರೆ ಸಕ್ಕರೆಯು ಅತಿಯಾಗಿ ಇಳಿದರೆ ಕಣ್ಣು ಕತ್ತಲಿಟ್ಟು, ಮುದುಕರು ಬಚ್ಚಲಲ್ಲಿಯೋ ಹೊಸ್ತಿಲಲ್ಲಿಯೋ ಬಿದ್ದು ತೊಡೆಯೆಲುಬನ್ನು ಮುರಿದುಕೊಳ್ಳುವರು. ಅನೇಕರು ಮತ್ತೆ ಮೊದಲಿನಂತೆ ನಡೆಯಲಾರರು. ಶಿವರಾತ್ರಿಯಂದು ಉಪವಾಸವಿದ್ದೂ ಎಂದಿನ ಪ್ರಮಾಣದಲ್ಲಿಯೇ ಇನ್ಸುಲಿನ್ ಚುಚ್ಚಿಸಿಕೊಳ್ಳುವ ಭಕ್ತರು ಕೆಲವರುಂಟು. ಅಂಥವರು ವ್ರತಕ್ಕೆ ಮೊದಲೇ ವೈದ್ಯರನ್ನು ಕಂಡು ಆ ದಿನದ ಪ್ರಮಾಣವನ್ನು ಗೊತ್ತುಮಾಡಿಕೊಳ್ಳತಕ್ಕದ್ದು.