ಒಂದೇ ಪಾಠ, ಹಲವು ಮಕ್ಕಳು

ಸಂಜೆ ದೀಪ ಹಚ್ಚಿದ ಮೇಲೆ ನಿಮ್ಮ ಮನೆಯಲ್ಲೂ ಮಗ್ಗಿಯ ದನಿ ಕೇಳುತ್ತಿರಬಹುದು. ಅಕ್ಕ ಹದಿನಾರರ ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುತ್ತಾಳೆ. ತಮ್ಮ ಏಳರ ಮಗ್ಗಿಯಲ್ಲೇ ತಡವರಿಸುತ್ತಾನೆ. “ಇವನ ತಲೆಗೆ ಲೆಕ್ಕ ಹತ್ತುವುದಿಲ್ಲ” ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ.

ಉಪಾಧ್ಯಾಯನಾಗಿ ನಾನೂ ಒಮ್ಮೆ ಇಂಥ ತೀರ್ಪು ಕೊಟ್ಟವನೇ. ಆ ಹುಡುಗ ತಂದೆಯ ಅಂಗಡಿಯಲ್ಲಿ ನಿಂತು ಮೂರೂವರೆ ಕಿಲೋ ಬೆಲ್ಲದ ಬೆಲೆಯನ್ನು ಬಾಯಲ್ಲೇ ಹೇಳಿ, ಚಿಲ್ಲರೆ ಎಣಿಸಿ ಕೊಟ್ಟದ್ದನ್ನು ಕಂಡ ದಿನ ನಾಚಿಕೊಂಡೆ. ಕಲಿಸಲು ನನಗೆ ಗೊತ್ತಿದ್ದ ದಾರಿ ಒಂದೇ ಆಗಿತ್ತು.

ದಾರಿಗಳೋ ಹಲವು. ಅಮೆರಿಕದ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದರು. ಹೊರಗೆ ಆಹಾರ, ಒಳಗೆ ಬೆಕ್ಕು. ತಡಕಾಡಿ, ತಪ್ಪಿ, ಮತ್ತೆ ಮತ್ತೆ ಮಾಡಿ ಅದು ಅಗುಳಿ ತೆಗೆಯುವುದನ್ನು ಕಲಿಯಿತು. ಅಭ್ಯಾಸ ಮತ್ತು ಫಲ, ಇವೇ ಅವರ ಸೂತ್ರ. ಜರ್ಮನಿಯ ಕೋಲರ್ 1917ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಬೇರೆ ಕಥೆಯಿದೆ. ಸುಲ್ತಾನನೆಂಬ ಚಿಂಪಾಂಜಿ ಎರಡು ಕೋಲುಗಳನ್ನು ಒಂದಕ್ಕೊಂದು ಸೇರಿಸಿ ದೂರದ ಹಣ್ಣನ್ನು ಎಳೆದುಕೊಂಡಿತು. ಇಲ್ಲಿ ಕಲಿಸಿದ್ದು ಒಳನೋಟ. 1934ರಲ್ಲಿ ತೀರಿಕೊಂಡ ರಷ್ಯದ ವಿಗೋಟ್‌ಸ್ಕಿ ಮತ್ತೊಂದನ್ನು ಸೇರಿಸಿದರು: ಮಗು ಇಂದು ಇನ್ನೊಬ್ಬರ ನೆರವಿನಿಂದ ಮಾಡಿದ್ದನ್ನು ನಾಳೆ ತಾನೇ ಮಾಡಬಲ್ಲದು.

ಈ ಮೂರನ್ನೂ ಮನೆಗೆ ತನ್ನಿ. ತಮ್ಮನನ್ನು ಕೇಳಿ: “ಏಳು ರೂಪಾಯಿಯ ಪೊಟ್ಟಣ ಎಂಟಾದರೆ ಎಷ್ಟಪ್ಪಾ?” ಐದಕ್ಕೆ 35, ಮೂರಕ್ಕೆ 21, ಒಟ್ಟು 56 ಎಂದು ಅವನೇ ಕಟ್ಟುತ್ತಾನೆ, ತಡವರಿಸಿದಲ್ಲಿ ಒಂದು ಮಾತಿನ ಆಸರೆ ಕೊಡಿ. ಅನಂತರ ಬಾಯಿಪಾಠವಾಗಲಿ. ಅಕ್ಕನಿಗೆ ಹುಣಿಸೆ ಬೀಜ ಕೊಟ್ಟು, ಏಳು ಸಾಲಿನಲ್ಲಿ ಎಂಟೆಂಟು ಜೋಡಿಸಲು ಹೇಳಿ. ಬಾಯಿಗೆ ಬಂದದ್ದು ಕಣ್ಣಿಗೂ ಕಾಣಲಿ.

ಒಂದು ಎಚ್ಚರಿಕೆ. ಇವನು ಕಣ್ಣಿನಿಂದ ಕಲಿಯುವವನು, ಇವಳು ಕಿವಿಯಿಂದ ಕಲಿಯುವವಳು ಎಂದು ಚೀಟಿ ಅಂಟಿಸಬೇಡಿ. ಹಾಗೆ ವಿಂಗಡಿಸಿ ಕಲಿಸಿದರೆ ಲಾಭವೆನ್ನುವುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು 2008ರಲ್ಲಿ ಅಮೆರಿಕದ ನಾಲ್ವರು ಮನಶ್ಶಾಸ್ತ್ರಜ್ಞರು ಪರಿಶೀಲಿಸಿ ಹೇಳಿದ್ದಾರೆ. ದಾರಿಯನ್ನು ಆರಿಸಬೇಕಾದದ್ದು ಪಾಠ ಯಾವುದು, ಮಗು ಈಗ ಎಲ್ಲಿ ನಿಂತಿದೆ ಎಂಬುದನ್ನು ನೋಡಿ. ಇಂದು ಅಭ್ಯಾಸ ಬೇಕಾದ ಮಗುವಿಗೆ ನಾಳೆ ಒಳನೋಟ ಬೇಕಾದೀತು.

ಇಂದು ಸಂಜೆ ಮಗು ತಪ್ಪಿದರೆ ಗದರುವ ಮೊದಲು ಕೇಳಿ ನೋಡಿ: “ಇದನ್ನು ಹೇಗೆ ಮಾಡಿದೆ, ಹೇಳು.” ಅದರ ಉತ್ತರವೇ ನಿಮಗೆ ದಾರಿ ತೋರಿಸುತ್ತದೆ.