ಉಕ್ಕಿಗೆ ಒಗ್ಗದ ಇಂಗಾಲ

ಕಬ್ಬಿಣಕ್ಕೂ ಇಂಗಾಲಕ್ಕೂ ನಂಟು ಬಹಳ ಹಳೆಯದು. ನೂರು ಪಾಲು ಕಬ್ಬಿಣಕ್ಕೆ ಅರ್ಧ ಪಾಲು ಇಂಗಾಲ ಬೆರೆತರೆ ಸಾಕು, ಅದು ಉಕ್ಕು. ಹೀಗೆ ಒಳಗೆ ಸಲೀಸಾಗಿ ಇಳಿದುಬಿಡುವ ಇಂಗಾಲವನ್ನು ಅದೇ ಉಕ್ಕಿನ ಮೈಮೇಲೆ ತೆಳ್ಳನೆಯ ಪದರವಾಗಿ ನಿಲ್ಲಿಸುವುದಕ್ಕೆ ಮಾತ್ರ ಸುಮಾರು ನಲವತ್ತು ವರ್ಷ ಹಿಡಿಯಿತು. ಇವತ್ತು ಹೇಳಹೊರಟಿರುವುದು ಆ ಪಡಿಪಾಟಲಿನ ಕಥೆ.

ಇಂಗಾಲ ಎಂದರೆ ಇಲ್ಲಿ ಮಸಿಯಲ್ಲ. ಪೆನ್ಸಿಲಿನ ಗ್ರಾಫೈಟೂ ಇಂಗಾಲವೇ, ವಜ್ರವೂ ಇಂಗಾಲವೇ ಎಂದು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಗ್ರಾಫೈಟಿನಲ್ಲಿ ಒಂದೊಂದು ಪರಮಾಣುವೂ ಅಕ್ಕಪಕ್ಕದ ಮೂರಕ್ಕೆ ಬೆಸೆದುಕೊಂಡಿರುತ್ತದೆ, ವಜ್ರದಲ್ಲಿ ನಾಲ್ಕಕ್ಕೆ. ನಾನು ಹೇಳುವ ಲೇಪದಲ್ಲಿ ಈ ಎರಡು ಬಗೆಯ ಬೆಸುಗೆಗಳೂ ಕಲಸಿಹೋಗಿವೆ. ಹರಳಿನ ಶಿಸ್ತು ಅದಕ್ಕಿಲ್ಲ; ಜೊತೆಗೆ ಒಂದಿಷ್ಟು ಹೈಡ್ರೋಜನ್ ಕೂಡ ಸೇರಿಕೊಂಡಿರುತ್ತದೆ. ಗಡಸುತನದಲ್ಲಿ ಅದು ವಜ್ರದ ಕಡೆ ವಾಲಿದರೆ ಜಾರುವ ಗುಣದಲ್ಲಿ ಗ್ರಾಫೈಟಿನ ಕಡೆ. ಬೇರಿಂಗಿಗೆ ಬಳಸುವ ಹದ ಮಾಡಿದ ಉಕ್ಕಿನ ಗಡಸುತನ 7-8 ಗಿಗಾಪಾಸ್ಕಲ್ ಆದರೆ ಈ ಲೇಪದ್ದು ಸಾಮಾನ್ಯವಾಗಿ 10ರಿಂದ 30. ಕಾರ್ಖಾನೆಗಳಲ್ಲಿ ಇದಕ್ಕೆ ಡಿಎಲ್‌ಸಿ ಎಂದೇ ಹೆಸರು.

ಇದನ್ನು ಮೊದಲು ವರದಿ ಮಾಡಿದವರು ಪೂರ್ವ ಜರ್ಮನಿಯ ಹೈನ್ಜ್ ಶ್ಮೆಲೆನ್‌ಮೈಯರ್, 1953ರಲ್ಲಿ. ಗಾಳಿ ತೆಗೆದ ಪಾತ್ರೆಯೊಳಗೆ ಚೂರು ಅಸಿಟಲಿನ್ ಬಿಟ್ಟು ವಿದ್ಯುತ್ ಹಾಯಿಸಿದರು. ನಮ್ಮ ಗ್ಯಾಸ್ ವೆಲ್ಡಿಂಗ್ ಅಂಗಡಿಗಳಲ್ಲಿ ಇರುವ ಅಸಿಟಲಿನ್ನೇ. ಅನಿಲ ಒಡೆದು ಅಯಾನುಗಳೂ ಎಲೆಕ್ಟ್ರಾನುಗಳೂ ಆಗಿ ಮಿನುಗತೊಡಗಿತು. ಈ ಸ್ಥಿತಿಯೇ ಪ್ಲಾಸ್ಮಾ. ನಿಯಾನ್ ಬೋರ್ಡಿನ ಕೊಳವೆಯೊಳಗೆ ನೀವು ನೋಡಿರುವುದೂ ಅದೇ. ಪಾತ್ರೆಯಲ್ಲಿದ್ದ ವಸ್ತುವಿನ ಮೇಲೆ ಕಪ್ಪಾದ, ತೀರಾ ಗಟ್ಟಿಯಾದ ಪೊರೆಯೊಂದು ಕೂತಿತ್ತು. ಪೂರ್ವ ಜರ್ಮನಿಯ ಪತ್ರಿಕೆಯೊಂದರಲ್ಲಿ ಜರ್ಮನ್ ಭಾಷೆಯಲ್ಲಿ ಬಂದ ಆ ಲೇಖನವನ್ನು ಹೊರಗಿನವರು ಹೆಚ್ಚಾಗಿ ಗಮನಿಸಲೇ ಇಲ್ಲ.

ಈ ಮನುಷ್ಯನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಯುದ್ಧದ ಕಾಲದಲ್ಲಿ ರಿಚರ್ಡ್ ಗಾನ್ಸ್ ಎಂಬ ಹಿರಿಯ ಯಹೂದಿ ಭೌತವಿಜ್ಞಾನಿಯನ್ನು ನಾಜಿಗಳು ಬಲವಂತದ ಕೂಲಿಗೆ ದೂಡಿದ್ದರು. ಎಲೆಕ್ಟ್ರಾನ್ ವೇಗವರ್ಧಕ ಯಂತ್ರದ ಯೋಜನೆಗೆ ಆತ ಬೇಕೇ ಬೇಕು ಎಂದು ಅಧಿಕಾರಿಗಳನ್ನು ಒಪ್ಪಿಸಿ, ಅಲ್ಲಿಂದ ಬಿಡಿಸಿ ತಂದು ಜೀವ ಉಳಿಸಿದವರು ಇದೇ ಶ್ಮೆಲೆನ್‌ಮೈಯರ್. ಲೇಪದ ಚರಿತ್ರೆಗೆ ಇದು ಸಂಬಂಧಪಟ್ಟದ್ದಲ್ಲ, ನಿಜ.

ಮುಂದಿನ ಹೆಜ್ಜೆಗೆ 1971ರವರೆಗೆ ಕಾಯಬೇಕಾಯಿತು. ಅಮೆರಿಕದಲ್ಲಿ ಸಾಲ್ ಐಸೆನ್‌ಬರ್ಗ್ ಮತ್ತು ರೊನಾಲ್ಡ್ ಶಾಬೊ ಇಂಗಾಲದ ಅಯಾನುಗಳ ಧಾರೆಯನ್ನು ನೇರವಾಗಿ ವಸ್ತುವಿನ ಮೇಲೆ ಬಿಟ್ಟರು. ಕೋಣೆಯ ಉಷ್ಣತೆಯಲ್ಲೇ ಬೆಳೆದ ಆ ಪೊರೆ ಗಾಜನ್ನು ಗೀರುತ್ತಿತ್ತು. ಡಿಎಲ್‌ಸಿ ಎಂಬ ಚುಟುಕಿನ ಹಿಂದಿರುವ ‘ವಜ್ರದಂಥ ಇಂಗಾಲ’ ಎಂಬ ಹೆಸರು ಬಂದದ್ದು ಅವರಿಂದ.

ಆದರೆ ಧಾರೆ ಬಿಟ್ಟು ಬಳಿಯುವುದು ನಿಧಾನದ ಕೆಲಸ. ಸರಳವಾದ ಪ್ಲಾಸ್ಮಾದಲ್ಲಿ ಬೆಳೆಸೋಣ ಎಂದರೆ ಈ ಲೇಪ ವಿದ್ಯುತ್ತನ್ನು ಸರಿಯಾಗಿ ಹಾಯಗೊಡುವುದಿಲ್ಲ. ನೇರ ವಿದ್ಯುತ್ತಿನಲ್ಲಿ ಲೇಪ ದಪ್ಪವಾದಂತೆ ಮೇಲ್ಮೈಯಲ್ಲಿ ಆವೇಶ ಜಮೆಯಾಗುತ್ತದೆ, ಕಿಡಿ ಹಾರುತ್ತದೆ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದಲ್ಲಿ ಹಾಲೆಂಡ್ ಮತ್ತು ಓಝಾ 1976ರಲ್ಲಿ ಇದಕ್ಕೆ ರೇಡಿಯೋ ತರಂಗದ ದಾರಿ ಹಿಡಿದರು, ಬ್ಯೂಟೇನ್ ಅನಿಲ ಬಳಸಿ. ರೇಡಿಯೋ ಆವರ್ತನದಲ್ಲಿ ವಿದ್ಯುತ್ತು ಸೆಕೆಂಡಿಗೆ ಲಕ್ಷಾಂತರ, ಕೋಟ್ಯಂತರ ಸಲ ದಿಕ್ಕು ಬದಲಿಸುತ್ತದೆ. ಹಗುರವಾದ ಎಲೆಕ್ಟ್ರಾನುಗಳು ಆ ಕುಣಿತಕ್ಕೆ ಹೆಜ್ಜೆ ಹಾಕುತ್ತವೆ. ಭಾರವಾದ ಅಯಾನುಗಳಿಗೆ ಆಗುವುದಿಲ್ಲ. ಹಾಗಾಗಿ ವಸ್ತುವಿನ ಮೇಲೆ ಋಣ ವೋಲ್ಟೇಜು ತಾನಾಗಿ ನಿಂತು ಅಯಾನುಗಳನ್ನು ಎಳೆದುಕೊಳ್ಳುತ್ತದೆ. ಆಕಾಶವಾಣಿಯಲ್ಲಿ ಕೂತು ಈ ಮಾತು ಹೇಳುವುದಕ್ಕೆ ನನಗೆ ತುಸು ಹೆಚ್ಚೇ ಖುಷಿ.

ಸಿಲಿಕಾನ್ ಬಿಲ್ಲೆಯ ಮೇಲೆ ಲೇಪ ಸೊಗಸಾಗಿ ಕೂತಿತು. ಉಕ್ಕಿನ ಮೇಲೆ ಹಾಕಿದರೆ ಸಿಪ್ಪೆಯಾಗಿ ಎದ್ದು ಬಂತು.

ಇದಕ್ಕೆ ಕಾರಣ ಒಂದಲ್ಲ. ಈ ಲೇಪ ಗಟ್ಟಿಯಾಗುವುದೇ ಏಟು ತಿಂದು. ನೂರು ಎಲೆಕ್ಟ್ರಾನ್ ವೋಲ್ಟಿನ ಆಸುಪಾಸಿನ ಶಕ್ತಿಯಿಂದ ಬಂದ ಇಂಗಾಲದ ಅಯಾನು ಈಗಾಗಲೇ ಕೂತ ಪರಮಾಣುಗಳ ನಡುವೆ ನುಗ್ಗಿ ಜಾಗ ಮಾಡಿಕೊಳ್ಳುತ್ತದೆ. ವಜ್ರದ ಬಗೆಯ ಬೆಸುಗೆ ಹುಟ್ಟುವುದು ಹಾಗೆ. ಇಕ್ಕಟ್ಟಿನಿಂದಾಗಿ ಪೊರೆಯೊಳಗೆ ಹಲವು ಗಿಗಾಪಾಸ್ಕಲ್ ಒತ್ತಡ ತುಂಬಿಕೊಳ್ಳುವುದೂ ಹಾಗೆಯೇ. ಅಂದರೆ ಗಡಸುತನ ಕೊಡುವ ಏಟೇ ಪೊರೆಯನ್ನು ಕೀಳಲು ಹವಣಿಸುತ್ತದೆ. ಎರಡನೆಯದು ಕಬ್ಬಿಣದ ಹಳೇ ಚಾಳಿ: ಬಿಸಿಯಾದರೆ ಇಂಗಾಲವನ್ನು ಒಳಗೆಳೆದುಕೊಳ್ಳುತ್ತದೆ. ವಜ್ರದ ಉಳಿಯಿಂದ ಉಕ್ಕನ್ನು ಕಡೆಯದಿರುವುದಕ್ಕೂ ಇದೇ ಕಾರಣ. ಬಿಸಿ ಮಾಡಿ ಅಂಟಿಸೋಣ ಎಂದರೆ 200 ಡಿಗ್ರಿ ದಾಟುತ್ತಿದ್ದಂತೆ ಬಹುಪಾಲು ಬೇರಿಂಗ್ ಉಕ್ಕುಗಳ ಹದ ಇಳಿಯತೊಡಗುತ್ತದೆ. ಇನ್ನು ಕೆಳಗಿನ ಉಕ್ಕು ಮೆತ್ತಗಿದ್ದರೆ ಹತ್ತಿಯ ಹಾಸಿಗೆ ಮೇಲೆ ಗಾಜಿನ ಹಲಗೆ ಇಟ್ಟು ತುಳಿದ ಹಾಗೆ. ಗಾಜು ಎಷ್ಟು ಗಟ್ಟಿಯಾದರೇನು?

ನನ್ನ ಮಟ್ಟಿಗೆ ಈ ಚರಿತ್ರೆಯ ನಿಜವಾದ ನಾಯಕರು ಲೇಪ ಕಂಡುಹಿಡಿದವರಲ್ಲ, ಅದರ ಕೆಳಗಿನ ಪದರ ಕಂಡುಹಿಡಿದವರು. 1980ರ ದಶಕದ ಮೊದಲ ವರ್ಷಗಳಲ್ಲಿ ಹ್ಯಾಂಬರ್ಗಿನ ಫಿಲಿಪ್ಸ್ ಪ್ರಯೋಗಾಲಯದಲ್ಲಿ ಡಿಮಿಗೆನ್ ಮತ್ತು ಸಂಗಡಿಗರು ಇಂಗಾಲಕ್ಕೆ ಟಂಗ್‌ಸ್ಟನ್‌ನಂಥ ಲೋಹ ಬೆರೆಸಿದರು. ಗಡಸುತನ ತುಸು ಇಳಿಯಿತು, ಒತ್ತಡ ಬಹಳ ಇಳಿಯಿತು. ಮುಂದೆ ಕ್ರೋಮಿಯಂ ಅಥವಾ ಟೈಟಾನಿಯಂನ ಅಡಿಪದರ ಬಂತು. ಕ್ರೋಮಿಯಂಗೆ ಕಬ್ಬಿಣವೂ ಒಗ್ಗುತ್ತದೆ, ಇಂಗಾಲವೂ ಒಗ್ಗುತ್ತದೆ.

ಇವತ್ತಿಗೂ ಕೆಲಸ ನಡೆಯುವುದು ಸುಮಾರಾಗಿ ಹೀಗೆ. ತೊಳೆದ ಬಿಡಿಭಾಗಗಳನ್ನು ಕೈಗವಸು ತೊಟ್ಟೇ ಮುಟ್ಟಬೇಕು. ಒಂದು ಬೆರಳಚ್ಚು ಉಳಿದರೂ ಅಷ್ಟಗಲ ಲೇಪ ಏಳುತ್ತದೆ. ಅವನ್ನು ತಿರುಗುವ ಕಂಬಗಳಿಗೆ ತೂಗುಹಾಕಿ, ಬಾಗಿಲು ಮುಚ್ಚಿ, ಗಾಳಿ ತೆಗೆಯುತ್ತಾರೆ. ಮೊದಲು ಆರ್ಗಾನ್ ಅಯಾನುಗಳಿಂದ ಉಕ್ಕಿನ ಮೈ ಕೆರೆದು ಕಣ್ಣಿಗೆ ಕಾಣದ ಆಕ್ಸೈಡನ್ನು ಕಿತ್ತುಹಾಕುತ್ತಾರೆ. ಆಮೇಲೆ ಕ್ರೋಮಿಯಂ. ನಂತರ ಲೋಹ ಕಡಿಮೆಯಾಗುತ್ತ, ಇಂಗಾಲ ಹೆಚ್ಚುತ್ತ ಹೋಗುವ ಮಧ್ಯದ ಪದರ. ಕೊನೆಗೆ ಅಸಿಟಲಿನ್. ಎಲ್ಲ ಸೇರಿ ದಪ್ಪ ಎರಡು ಮೂರು ಮೈಕ್ರಾನ್.

ಅಂಟಿದೆಯೋ ಇಲ್ಲವೋ ನೋಡುವ ಪರೀಕ್ಷೆ ಬಲು ಒರಟು. ಗಡಸುತನ ಅಳೆಯುವ ರಾಕ್‌ವೆಲ್ ಯಂತ್ರದಲ್ಲಿ ವಜ್ರದ ಮೊನೆಯನ್ನು 150 ಕಿಲೋ ಭಾರ ಹಾಕಿ ಲೇಪದ ಮೇಲೆ ಒತ್ತುತ್ತಾರೆ. ಉಕ್ಕಿನಲ್ಲಿ ಗುಂಡಿ ಬೀಳುತ್ತದೆ. ಗುಂಡಿಯ ಅಂಚನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಕೂದಲೆಳೆಯಂಥ ಬಿರುಕುಗಳಷ್ಟೇ ಇದ್ದರೆ ಪಾಸು. ಸುತ್ತಲೂ ಹೊಪ್ಪಳೆ ಎದ್ದು ಬೆಳ್ಳಗೆ ಉಕ್ಕು ಇಣುಕಿದರೆ ಫೇಲು. ಒಂದರಿಂದ ಆರರವರೆಗೆ ದರ್ಜೆಯಿದೆ, ನಾಲ್ಕರಾಚೆ ಹೋದದ್ದನ್ನು ಯಾರೂ ಒಪ್ಪುವುದಿಲ್ಲ.

ಇಷ್ಟಾದ ಮೇಲೆ ಗಿರಾಕಿ ಬೇಕಲ್ಲ. 1990ರ ದಶಕದಲ್ಲಿ ಗಿರಾಕಿಯಾಗಿ ಡೀಸೆಲ್ ಎಂಜಿನ್ ಬಂತು. ಹೊಗೆ ಕಡಿಮೆ ಮಾಡಲು ಡೀಸೆಲ್‌ನಿಂದ ಗಂಧಕ ತೆಗೆಯುತ್ತಾ ಹೋದರು. ಅದರೊಂದಿಗೆ ಡೀಸೆಲ್‌ನ ಜಿಡ್ಡೂ ಹೋಯಿತು. ಸ್ವೀಡನ್ನಿನಲ್ಲಿ ಆ ದಶಕದ ಆರಂಭದಲ್ಲೇ ಇಂಧನ ಪಂಪುಗಳು ಸವೆದು ಕೈಕೊಟ್ಟವು. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆ ಡೀಸೆಲನ್ನು 1350 ಬಾರ್ ಒತ್ತಡದಲ್ಲಿ ಚಿಮ್ಮಿಸತೊಡಗಿತು. ಚಿಮ್ಮಿಸುವ ಮೂತಿಯೊಳಗಿನ ಸೂಜಿಗೂ ಅದರ ಗೂಡಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಅಂಥ ಕಡೆ ಎಣ್ಣೆಯ ಹಂಗಿಲ್ಲದೆ ಜಾರಬಲ್ಲ ಲೇಪ ಬೇಕಾಗಿತ್ತು. ಇದನ್ನು ದೊಡ್ಡ ಪ್ರಮಾಣದಲ್ಲಿ ಬಳಕೆಗೆ ತಂದವರಲ್ಲಿ ಬಾಷ್ ಮುಖ್ಯ. ಬೆಂಗಳೂರಿನ ಹಳಬರು ಈಗಲೂ ಮೈಕೋ ಎಂದೇ ಕರೆಯುವ, ಆಡುಗೋಡಿಯಲ್ಲಿದ್ದ ಕಾರ್ಖಾನೆಯ ಮೂಲ ಕಂಪನಿ ಅದು. 1998ರಲ್ಲಿ ಜಿಲೆಟ್ ಕಂಪನಿ ತನ್ನ ಮ್ಯಾಕ್‌ 3 ರೇಜರಿನ ಬ್ಲೇಡಿನ ಅಂಚಿಗೂ ಇದೇ ಲೇಪ ಹಾಕಿತು. ಹಾಗಾಗಿ ನಿಮ್ಮಲ್ಲಿ ಎಷ್ಟೋ ಮಂದಿ ಇದನ್ನು ಕೆನ್ನೆಗೇ ಮುಟ್ಟಿಸಿಕೊಂಡಿದ್ದೀರಿ.

ಇತ್ತ ಉಕ್ರೇನಿನ ಖಾರ್ಕಿವ್‌ನಲ್ಲಿ ಬೇರೊಂದು ದಾರಿ 1970ರ ದಶಕದಲ್ಲೇ ತೆರೆದಿತ್ತು. ಅನಿಲದ ಗೊಡವೆಯೇ ಇಲ್ಲದೆ, ಗ್ರಾಫೈಟಿನ ಮೇಲೆ ನಿರ್ವಾತದಲ್ಲಿ ವಿದ್ಯುತ್ ಚಾಪ ಹೊತ್ತಿಸಿ ಇಂಗಾಲದ ಪ್ಲಾಸ್ಮಾ ಎಬ್ಬಿಸುವುದು. ಜೊತೆಗೆ ಸಿಡಿಯುವ ಕಣಗಳನ್ನು ಸೋಸಲು ಆ ಪ್ಲಾಸ್ಮಾವನ್ನು ಕಾಂತಬಲದಿಂದ ಬಾಗಿದ ಕೊಳವೆಯಲ್ಲಿ ಹಾಯಿಸುವುದು. ಹೈಡ್ರೋಜನ್ ಇಲ್ಲದ ಈ ಬಗೆಯ ಲೇಪ ಇನ್ನೂ ಗಡಸು. 2006ರಲ್ಲಿ ನಿಸಾನ್ ತನ್ನ ಪೆಟ್ರೋಲ್ ಎಂಜಿನ್ನಿನ ವಾಲ್ವ್ ಲಿಫ್ಟರುಗಳಿಗೆ ಹೈಡ್ರೋಜನ್ ಇಲ್ಲದ ಲೇಪವನ್ನೇ ಹಾಕಿತು.

ಈಗಿನ ತಕರಾರು ಎಣ್ಣೆಯದು. ಎಂಜಿನ್ ಆಯಿಲಿಗೆ ದಶಕಗಳಿಂದ ಬೆರೆಸುತ್ತ ಬಂದಿರುವ ಮಾಲಿಬ್ಡಿನಂ ಸಂಯುಕ್ತ ಉಕ್ಕಿಗೆ ಉಕ್ಕು ಉಜ್ಜುವಲ್ಲಿ ಘರ್ಷಣೆ ತಗ್ಗಿಸುತ್ತದೆ. ಅದೇ ಸಂಯುಕ್ತ ಹೈಡ್ರೋಜನ್ ಇರುವ ಇಂಗಾಲದ ಲೇಪವನ್ನು ಬೇಗ ಸವೆಸುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಇಷ್ಟು ಕಾಲ ಎಣ್ಣೆಗೆ ತಕ್ಕಂತೆ ಉಕ್ಕನ್ನು, ಉಕ್ಕಿಗೆ ತಕ್ಕಂತೆ ಎಣ್ಣೆಯನ್ನು ಹೊಂದಿಸಿದವರು ಈಗ ಇಂಗಾಲಕ್ಕೆ ಒಗ್ಗುವ ಎಣ್ಣೆ ಹುಡುಕುತ್ತಿದ್ದಾರೆ.